ಕಪ್ಪತಗುಡ್ಡದಲ್ಲಿ ದಿಕ್ಕು ತಪ್ಪಿದ ದಿನ

ಏಕೀಕರಣವಾದ ವರ್ಷ ನಾನು ಮುಂಡರಗಿಯ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ. ಮುಂಬೈ ರಾಜ್ಯದ ನಕಾಶೆಯನ್ನು ಗೋಡೆಯಿಂದ ಇಳಿಸಿದ್ದೆವು; ಹೊಸದು ಬಂದಿರಲಿಲ್ಲ. ಖಾಲಿ ಗೋಡೆಯ ಮುಂದೆ ಪಾಠ ಮಾಡಲು ನನ್ನಿಂದಾಗಲಿಲ್ಲ. ಅದು ಬಂದಾಗ ಬರಲಿ, ಕಣ್ಣೆದುರಿನ ಕಪ್ಪತಗುಡ್ಡದ ನಕಾಶೆಯನ್ನಾದರೂ ನಾನೇ ಬರೆಯೋಣವೆಂದುಕೊಂಡೆ. ಹತ್ತದೆ ಬರೆದರೆ ಸುಳ್ಳಾದೀತೆಂಬ ಕಸಿವಿಸಿಯಲ್ಲಿ ಎರಡು ವಾರ ಕೂತಲ್ಲಿ ಕೂರಲಾಗಲಿಲ್ಲ. ಅಲ್ಲಿ ತೋಳಗಳಿವೆ, ಒಬ್ಬರೇ ಹೋಗಬೇಡಿ ಎಂದು ಹೆಡ್‌ಮಾಸ್ತರರು ಹೇಳಿದ್ದರು. ಒಂದು ರವಿವಾರ ಶಾಲೆಯ ದಿಕ್ಸೂಚಿಯನ್ನು ಜೇಬಿಗಿಳಿಸಿ ಹೊರಟೇಬಿಟ್ಟೆ.

ದೂರದಿಂದ ಒಂದೇ ದಿಬ್ಬದಂತೆ ಕಾಣುವ ಗುಡ್ಡ, ಹತ್ತಿದಂತೆಲ್ಲ ಒಡೆಯುತ್ತ ಹೋಯಿತು. ಒಂದು ನೆತ್ತಿ ಮುಟ್ಟಿದರೆ ಆಚೆ ಇನ್ನೊಂದು, ನಡುವೆ ಕೊರಕಲು, ಎದೆಯೆತ್ತರದ ಹುಲ್ಲು, ತುಕ್ಕುಬಣ್ಣದ ಚೂಪುಗಲ್ಲು. ತುದಿ ತಲುಪುವ ಹೊತ್ತಿಗೆ ಮೋಡ ಕವಿದು ಸೂರ್ಯ ಮರೆಯಾದ. ದಿಕ್ಸೂಚಿ ತೆಗೆದೆ. ನಾಲ್ಕು ಹೆಜ್ಜೆಗೆ ಮುಳ್ಳು ಒಂದು ಕಡೆ, ಮತ್ತೆ ನಾಲ್ಕು ಹೆಜ್ಜೆಗೆ ಇನ್ನೊಂದು ಕಡೆ. ಅದನ್ನೇ ನಂಬಿ ಇಳಿದೆ, ಹತ್ತಿದೆ. ಒಂದೇ ಸೀಳುಬಂಡೆಯ ಮುಂದೆ ಮೂರನೆಯ ಸಲ ನಿಂತಾಗ ದಿಕ್ಕು ತಪ್ಪಿದ್ದು ಖಚಿತವಾಯಿತು.

ಬಂಡೆಯ ಕೆಳಗೆ ಯಾರೋ ಕೆಮ್ಮಿದರು. ಶಿರಹಟ್ಟಿಯ ಮುದುಕ ಸಾಬರೊಬ್ಬರು ಔಷಧಿಗೆಂದು ಬೇರು ಅಗೆಯುತ್ತಿದ್ದರು. ನಾನು ಯಾರು, ಯಾಕೆ ಬಂದೆ ಎಂದೆಲ್ಲ ವಿಚಾರಿಸಿದರು. ನನ್ನ ಕೈಯಲ್ಲಿದ್ದ ದಿಕ್ಸೂಚಿ ನೋಡಿ ನಗಲಿಲ್ಲ.

“ಅದನ್ನ ಒಳಗ ಇಡ್ರಿ ಮಾಸ್ತರ. ಈ ಕಲ್ಲಿನ್ಯಾಗ ಕಬ್ಬಿಣ ಐತಿ. ಅಳತಿ ಮಾಡಾಕ ಬಂದವ್ರೂ ಹಿಂಗ ತಿರಗ್ಯಾರ.”

“ಹಂಗಾರ ಮುಂಡರಗಿ ಯಾ ಕಡೆ ಅಜ್ಜಾರ?”

“ನೀರು ಹರದ ಜಾಡು ನೋಡ್ರಿ. ಇಲ್ಲೀದು ಶಿರಹಟ್ಟಿ ಕಡೆ ಇಳೀತೈತಿ. ಆ ದಿನ್ನಿ ದಾಟಿದ್ರ ನೀರೆಲ್ಲಾ ನಿಮ್ಮ ಕಡೆ.”

ಬುಟ್ಟಿ ಅಲ್ಲೇ ಬಿಟ್ಟು ದಿನ್ನೆಯವರೆಗೂ ಜೊತೆಗೆ ಬಂದರು. ಅಲ್ಲಿ ಸಾಲುಗಲ್ಲುಗಳಿದ್ದವು, ಶಿರಹಟ್ಟಿ ಸೇರಿದ್ದ ಹಳೆಯ ಸಂಸ್ಥಾನದ ಗಡಿ. ಪ್ರಾಯದಲ್ಲಿ ಒಂದು ಔಷಧಿ ಬಳ್ಳಿಯ ಆಸೆಗೆ ಅದನ್ನು ದಾಟಿದ್ದಕ್ಕೆ ಆಚೆ ಕಡೆಯ ಕಾವಲುಗಾರರು ಅವರನ್ನು ದಿನವಿಡೀ ಮರಕ್ಕೆ ಕಟ್ಟಿಹಾಕಿದ್ದರಂತೆ. ಇನ್ನೂ ಸ್ವಲ್ಪ ದೂರ ಬನ್ನಿ ಎಂದು ಕರೆದೆ. ಅವರು ಕಲ್ಲಿನ ಈಚೆಗೇ ನಿಂತರು.

“ಈಗ ಯಾರೂ ಕೇಳೋರಿಲ್ಲ, ಖರೆ ಐತಿ. ಆದ್ರೂ ಕಾಲು ಬರವಲ್ವು.”

ಕೈ ಮುಗಿದು ಇಳಿದೆ. ಕೊರಕಲು ಹಳ್ಳವಾಯಿತು, ಹಳ್ಳದ ಗುಂಟ ಹೊಲಗಳು ಬಂದವು. ಸಂಜೆಗೆ ಕಿತ್ತುಹೋದ ಚಪ್ಪಲಿ ಕೈಯಲ್ಲಿ ಹಿಡಿದು ಊರು ಸೇರಿದೆ.

ಮರುದಿನ ಮಕ್ಕಳಿಗೆ ದಿಕ್ಕು ತಪ್ಪಿದ್ದನ್ನೇ ಮೊದಲು ಹೇಳಿ, ಆಮೇಲೆ ನೆತ್ತಿಗಳನ್ನೂ ಹಳ್ಳಗಳನ್ನೂ ಬರೆದೆ. ಸಮಾಧಾನವಾಗಲಿಲ್ಲ, ನಾನು ಇಳಿದಿದ್ದು ಒಂದೇ ಹಳ್ಳ, ಉಳಿದದ್ದೆಲ್ಲ ಊಹೆ. ಮುಂದಿನ ರವಿವಾರ ಬುತ್ತಿ ಕಟ್ಟಿಕೊಂಡು ಮತ್ತೆ ಹೊರಟೆ.