ಬಾಯಿಬಿಟ್ಟು ಹೇಳಿದ ಮೇಲೇ ಬೆರಳು

ಅವರು ಮಿರ್ಚಿಯನ್ನು ಎಡಗೈಯಲ್ಲಿ ತಿನ್ನುತ್ತಿದ್ದರು. ಉಗುರನ್ನು ಬುಡದವರೆಗೆ ಕತ್ತರಿಸಿದ, ತುದಿ ಚಪ್ಪಟೆಯಾದ ಬಲಗೈ ತೋರುಬೆರಳನ್ನು ಆಗಲೂ ಮಡಿಯಲ್ಲಿಟ್ಟವರಂತೆ ಎತ್ತಿ ಹಿಡಿದಿರುತ್ತಿದ್ದರು. "ಎಡಗೈಲಿ ತಿಂದ್ರೆ ಪಾಪ ಬರಲ್ಲೇನ್ರಿ ಅಣ್ಣಾರೆ?" ಎಂದು ನಾನು ಕಾಡಿದರೆ, "ಎಣ್ಣಿ ಬೆರಳು ಜಾರಿ ಬ್ಯಾರೆ ಬಟನ್ ಒತ್ತಿದ್ರೆ ಅದಕ್ಕಿಂತ ದೊಡ್ಡ ಪಾಪ ಬರ್ತೈತೆ ತಂಗಿ" ಎನ್ನುತ್ತಿದ್ದರು.

ಅವರು ನಮ್ಮ ಶಿಫ್ಟಿನ ಇನ್‌ಚಾರ್ಜ್. ಗುತ್ತೂರಿನಾಚೆ ಮೆಕ್ಕೆಜೋಳ ನೆನೆಸಿ ಸ್ಟಾರ್ಚ್ ತೆಗೆಯುವ ಕಾರ್ಖಾನೆ, ಹೆಸರು ಬೇಡ. ನಾನು ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ಕಂಪನಿ ಬಸ್ಸಿನಲ್ಲಿ ಹೋಗುತ್ತಿದ್ದೆ, ಇನ್‌ಚಾರ್ಜ್ ಅಣ್ಣ ಗುತ್ತೂರಿನಿಂದಲೇ ಸೈಕಲ್ ಮೇಲೆ ಬರುತ್ತಿದ್ದರು. ಕಂಟ್ರೋಲ್ ರೂಮಿನಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಕುರ್ಚಿ. ಯಾವುದಾದರೂ ಟ್ಯಾಂಕ್ ತುಂಬಿದರೆ, ಹಬೆಯ ಒತ್ತಡ ಮೀರಿದರೆ ಹಾರ್ನ್ ಕೂಗುತ್ತದೆ, ಪರದೆಯಲ್ಲಿ ಕೆಂಪು ಸಾಲು ಮಿಣುಕುತ್ತದೆ. ಹಾರ್ನ್ ನಿಲ್ಲಿಸಲು ಒಂದು ಬಟನ್, 'ನೋಡಿದ್ದೇನೆ' ಎಂದು ಒಪ್ಪಲು ಇನ್ನೊಂದು. ಎಷ್ಟೋ ಜನ ಎರಡನ್ನೂ ಒಟ್ಟಿಗೇ ಒತ್ತಿ ಟೀ ಕುಡಿಯಲು ಏಳುತ್ತಾರೆ. ಅಣ್ಣ ಹಾಗಲ್ಲ. ಹಾರ್ನ್ ನಿಲ್ಲಿಸಿ, ಕೆಂಪು ಸಾಲಿನ ಮೇಲೆ ಬೆರಳಿಟ್ಟು, "ಮೂರನೇ ಟ್ಯಾಂಕು, ನೀರು ಮೇಲೆ ಬಂದೈತೆ" ಎಂದು ಇಡೀ ರೂಮಿಗೆ ಕೇಳುವಂತೆ ಓದಬೇಕು. ಕೆಳಗಿದ್ದವನು ಹೋಗಿ ನೋಡಿ ವಾಕಿಟಾಕಿಯಲ್ಲಿ ಹೇಳಬೇಕು. ಆಮೇಲೆಯೇ ಎರಡನೇ ಬಟನ್.

"ಬಾಯಿ ಮುಚ್ಚಿಸೋದು ಬ್ಯಾರೆ, ಮಾತು ಕೇಳೋದು ಬ್ಯಾರೆ" ಎನ್ನುವುದು ಅವರ ಪಾಠ. ಬಾಯಿ ಮುಚ್ಚಿಸುವುದರಲ್ಲಿ ಪಳಗಿದವನೊಬ್ಬ ನಮ್ಮ ಮೇಲಿದ್ದ, ಮ್ಯಾನೇಜರ್. ಅವನಿಗೆ ಬಹುವಚನ ಕೊಡಲು ಇವತ್ತಿಗೂ ನನಗೆ ಮನಸ್ಸಾಗುವುದಿಲ್ಲ.

ಮೂರನೇ ಟ್ಯಾಂಕಿನ ವಾಲ್ವ್ ಕೆಟ್ಟು ಅಲಾರಂ ಪದೇಪದೇ ಕೂಗುತ್ತಿತ್ತು. ವಾಲ್ವ್ ಬದಲಿಸಿರಿ ಎಂದು ಅಣ್ಣ ಗೋಗರೆದರು. ಬದಲಿಸಬೇಕಾದರೆ ಕೆಲಸ ನಿಲ್ಲಬೇಕು, ಅವನಿಗೆ ಅದು ಬೇಡ. ಬೇರೆ ಶಿಫ್ಟಿನಲ್ಲಿ ಬಂದು, ತನ್ನ ಪಾಸ್‌ವರ್ಡ್ ಹಾಕಿ ಆ ಅಲಾರಮನ್ನೇ ಅಡಗಿಸಿ ಹೋದ. ನಮಗೆ ಒಂದು ಮಾತು ಹೇಳಲಿಲ್ಲ. ಮರುದಿನ ಮಧ್ಯಾಹ್ನ ನಮ್ಮಿಬ್ಬರ ಕಣ್ಣೂ ಬಾಯ್ಲರಿನ ಪರದೆಯ ಮೇಲಿದ್ದಾಗ ಮೂರನೇ ಟ್ಯಾಂಕ್ ಉಕ್ಕಿತು. ಹಾರ್ನ್ ಬರಲಿಲ್ಲ. ಕೆಳಗೆ ಕೆಲಸ ಮಾಡುತ್ತಿದ್ದವನ ಎರಡೂ ಕಾಲು ಬಿಸಿನೀರಿನಲ್ಲಿ ಬೆಂದವು. ಅವನು ಅಣ್ಣನ ಓಣಿಯವನೇ.

ವಿಚಾರಣೆಯಲ್ಲಿ ಮ್ಯಾನೇಜರ್, "ಅಲಾರಂ ಬಂದಿತ್ತು, ಇನ್‌ಚಾರ್ಜ್ ನೋಡದೇ ಒತ್ತಿದಾರೆ" ಎಂದ. ಬರಲೇ ಇಲ್ಲ, ಕಂಪ್ಯೂಟರಿನ ದಾಖಲೆ ತೆಗೆದು ನೋಡಿ ಎಂದು ನಾನು ಹೇಳಿದೆ. ತೆಗೆದು ನೋಡಬೇಕಾದವನು ಅವನೇ. ಕಳ್ಳನ ಕೈಗೆ ಕೀಲಿ ಕೊಟ್ಟ ಹಾಗಾಯಿತು.

ಅಣ್ಣನನ್ನು ಗೇಟಿನ ಬಳಿ ಮೆಕ್ಕೆಜೋಳದ ಲಾರಿ ತೂಗಲು ಹಾಕಿದರು. ಪರದೆಯ ಮುಂದೆ ನಿದ್ದೆ ಹೊಡೆದು ಓಣಿಯವನ ಕಾಲು ಸುಟ್ಟ ಎಂದು ಊರಲ್ಲಿ ಮಾತಾಯಿತು. ಒಂದು ದಿನ ಲಾರಿಗಳ ಧೂಳಿನ ನಡುವೆ ನನಗೆ ಹೇಳಿದರು: "ಕುರ್ಚಿ ಹೋದದ್ದಕ್ಕ ಸಂಕಟ ಇಲ್ಲ ತಂಗಿ. ಕಾಲು ಸುಟ್ಟವನ ಮನಿ ಮುಂದೆ ಸೈಕಲ್ ಇಳಿದು ದಬ್ಕೊಂಡು ಹೋಗ್ತೀನಿ. ಹತ್ಕೊಂಡು ಹೋಗಾಕ ಮುಖ ಇಲ್ಲ." ನಾನು ಓಣಿಗೆ ಬಂದು ಹೇಳುತ್ತೇನೆ ಎಂದೆ. "ಬ್ಯಾಡ. ನೀನು ನಮ್ಮ ಕಡೀಯಾಕಿ, ಯಾರು ನಂಬ್ತಾರ? ಹೇಳಿದ್ರೆ ಆ ಮ್ಯಾನೇಜರೇ ಹೇಳ್ಬೇಕು."

ಹೇಳಿಸುತ್ತೇನೆ ಎಂದು ಅವತ್ತೇ ಹಲ್ಲು ಕಚ್ಚಿದೆ. ಮ್ಯಾನೇಜರ್ ಕಂಟ್ರೋಲ್ ರೂಮಿಗೆ ಬಂದಾಗಲೆಲ್ಲ ಅಣ್ಣನಿಗಿಂತ ಎತ್ತರದ ದನಿಯಲ್ಲಿ ಅಲಾರಂ ಓದುತ್ತಿದ್ದೆ.

"ಅಷ್ಟು ಜೋರಾಗಿ ಯಾಕ್ರಿ?"

"ಕಿವಿ ಇದ್ದೋರಿಗೆ ಕೇಳ್ಲಿ ಅಂತ ಸಾರ್."

ಅವನ ಮುಖ ಇಂಗು ತಿಂದ ಮಂಗನಂತಾಗುತ್ತಿತ್ತು. ಅಂಥ ದಿನ ಕ್ಯಾಂಟೀನಿನ ಟೀ ಕೂಡ ರುಚಿಯಾಗಿರುತ್ತಿತ್ತು. ಆದರೆ ಅಷ್ಟಕ್ಕೆ ನನ್ನ ಹೊಟ್ಟೆಯ ಉರಿ ಆರಲಿಲ್ಲ. ಅವನು ನಿವೃತ್ತನಾಗಿ, ಸನ್ಮಾನ ಮಾಡಿಸಿಕೊಂಡು, ಪಿ.ಜೆ. ಬಡಾವಣೆಯಲ್ಲಿ ಹಾಯಾಗಿದ್ದ.

ಕಳೆದ ವರ್ಷ ಅಣ್ಣ ಎದೆನೋವಿನಿಂದ ತೀರಿಕೊಂಡರು. ಗುತ್ತೂರಿನ ಮನೆಯ ಪಡಸಾಲೆಯಲ್ಲಿ ಹಣೆತುಂಬ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಬಲಗೈ ತೊಡೆಯ ಮೇಲಿತ್ತು. ಓಣಿಯವರೆಲ್ಲ ಅಂಗಳದಲ್ಲಿದ್ದರು, ಕಾಲು ಸುಟ್ಟವನು ತನ್ನ ತಾಯಿಯ ಜೊತೆ ದೂರದಲ್ಲಿ ನಿಂತಿದ್ದ. ಆಗ ಮ್ಯಾನೇಜರ್ ದೊಡ್ಡ ಹಾರ ಹಿಡಿದು ಬಂದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಕೈ ಮುಗಿದು ಹೋಗ್ತೀನಮ್ಮಾ."

"ಮೊದ್ಲು ಬಾಯಿಬಿಟ್ಟು ಹೇಳ್ರಿ ಸಾರ್. ಅವತ್ತು ಹಾರ್ನ್ ಬಂದಿತ್ತಾ?"

ಹಿಂದೆ ನೋಡಿದ. ಹಿಂದೆಯೂ ಜನ. ನನಗೆ ಅವನ ಮೇಲೆ ಎಳ್ಳಷ್ಟೂ ಕನಿಕರ ಬರಲಿಲ್ಲ.

"ಇಲ್ಲ" ಎಂದು ಗೊಣಗಿದ.

"ಜೋರಾಗಿ. ಯಾಕ ಬರಲಿಲ್ಲ ಅನ್ನೋದೂ ಹೇಳ್ರಿ."

"ಬರಲಿಲ್ಲ. ನಾನೇ ಬಂದ್ ಮಾಡಿದ್ದೆ. ಇವರದು ತಪ್ಪಿರಲಿಲ್ಲ."

ಹಾರ ಹಿಡಿದುಕೊಂಡೇ ಅಂಗಳದ ಜನರೆದುರು ತಲೆ ತಗ್ಗಿಸಿದ. ಅದನ್ನು ಕಣ್ತುಂಬ ನೋಡಿದೆ, ಆಮೇಲೆ ದಾರಿ ಬಿಟ್ಟೆ. ಅಣ್ಣ ಬದುಕಿದ್ದಾಗಲೇ ಹೀಗೆ ಹಿಡಿದು ನಿಲ್ಲಿಸಿ ಹೇಳಿಸಬೇಕಿತ್ತು ಎಂಬ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ.

ಎತ್ತುವ ಹೊತ್ತಿಗೆ ಕಾಲು ಸುಟ್ಟವನು ಕುಂಟುತ್ತ ಬಂದು, ಯಾರನ್ನೂ ಕೇಳದೆ, ಮುಂದಿನ ಹೆಗಲು ಕೊಟ್ಟ. ಮೆರವಣಿಗೆ ಅವನ ಮನೆಯ ಮುಂದೆಯೇ ಹೋಯಿತು. ಅಣ್ಣ ಅಲ್ಲಿ ಇಳಿಯಬೇಕಾಗಲಿಲ್ಲ.