ಇನ್ನೂರ ಹತ್ತಕ್ಕೆ ಹೊತ್ತ ಹರಕೆ

ನನ್ನ ಹೆಂಡತಿಯ ತಮ್ಮ ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಾನೆ. ಯಾವುದೋ ಕಂಪನಿಯ ಶೇರನ್ನು ಅವನು ಅರವತ್ತು ರೂಪಾಯಿಗೆ ಕೊಂಡಿದ್ದ. ಅದು ಇನ್ನೂರ ಹತ್ತಕ್ಕೆ ಏರಿದ ದಿನ ಅವನ ಮನೆಯಲ್ಲಿ ನಮಗೆ ಹೋಳಿಗೆ ಊಟ. ಎರಡನೇ ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ನಾನೂ ಮೊಬೈಲಿನಲ್ಲಿ ಕೊಂಡುಬಿಟ್ಟಿದ್ದೆ. ದುಡ್ಡು ನನ್ನ ಖಾತೆಯಲ್ಲಿತ್ತೇ ಹೊರತು ನನ್ನದಲ್ಲ. ಹೆಂಡತಿ ರಾಯಚೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ವರ್ಷಗಟ್ಟಲೆ ಜಂಪರ್ ಹೊಲಿದು ಕೂಡಿಸಿದ್ದು. ಬಜಾರಿನಲ್ಲಿ ತನ್ನದೇ ಒಂದು ಅಂಗಡಿ ಹಿಡಿಯಬೇಕೆಂದು.

"ಎರಡು ತಿಂಗಳು ತಡಿ, ಡಬಲ್ ಮಾಡಿ ಕೊಡ್ತೀನಿ," ಎಂದೆ.

ನಾನು ಕೊಳ್ಳುವುದನ್ನೇ ಕಾಯುತ್ತಿತ್ತೋ ಏನೋ, ಮರುವಾರದಿಂದಲೇ ಅದು ಜಾರತೊಡಗಿ ನೂರ ನಲವತ್ತಕ್ಕೆ ಬಂದು ನಿಂತಿತು. ನನಗೆ ಅನ್ನ ಸೇರದು, ನಿದ್ದೆ ಹತ್ತದು. ಮಾನ್ವಿಗೆ ಫೋನ್ ಮಾಡಿದರೆ ಗಿರಣಿಯ ಸದ್ದಿನ ನಡುವೆ ಭಾವಮೈದುನ ನಗುತ್ತಿದ್ದ.

"ಇಳೀತದ, ಏರ್ತದ ಮಾಮಾ. ಅದಕ್ಯಾಕ ತಲಿ ಕೆಡಿಸ್ಕೊಂತೀರಿ?"

ಶೇರಿಗೆ ಎಪ್ಪತ್ತು ರೂಪಾಯಿ ಅವನದೂ ಕರಗಿತ್ತು, ನನ್ನದೂ ಕರಗಿತ್ತು. ಆದರೆ ಅವನು ಅರವತ್ತಕ್ಕೆ ಕೊಂಡವನು. ಅರವತ್ತರಲ್ಲಿ ಕೂತು ಇಂಥ ವೇದಾಂತ ಯಾರು ಬೇಕಾದರೂ ಹೇಳುತ್ತಾರೆ!

ನಾನು ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರು. ನಮ್ಮ ಡ್ರಾಯಿಂಗ್ ಮೇಷ್ಟ್ರು ಹಿಂದೊಮ್ಮೆ ಅದೇ ಶೇರು ಕುಣಿದಾಗ ಮುನ್ನೂರಕ್ಕೆ ಕೊಂಡಿದ್ದರು. ಅಲ್ಲಿಯವರೆಗೆ ಅವರ ಜೊತೆ ನೆಟ್ಟಗೆ ಮಾತಾಡದಿದ್ದ ನನಗೆ ಈಗ ಅವರನ್ನು ಕಂಡರೆ ಎಲ್ಲಿಲ್ಲದ ಅಕ್ಕರೆ. ದಿನಾ ನಾನೇ ಚಹಾ ಕುಡಿಸುತ್ತಿದ್ದೆ. ಅವರ ಬಾಡಿದ ಮುಖ ನೋಡಿದ ಮೇಲೆ ಮಧ್ಯಾಹ್ನದ ಬುತ್ತಿಯಾದರೂ ಗಂಟಲಲ್ಲಿ ಇಳಿಯುತ್ತಿತ್ತು.

ಅಷ್ಟರಲ್ಲಿ ಒಂದು ದಿನ ಹೆಂಡತಿ ಖುಷಿಯಿಂದ ಬಂದಳು.

"ರೀ, ಬಜಾರ್ದಾಗ ಅಂಗಡಿ ಖಾಲಿ ಆಗ್ಯದ. ಈಗ ಮಾರಿದ್ರ ಬರೋ ರೊಕ್ಕ ಅಡ್ವಾನ್ಸಿಗೆ ಸಾಕು. ಮಾರಿಬಿಡ್ರಿ."

"ಲುಕ್ಸಾನಿಗೆ ಯಾರರ ಮಾರ್ತಾರೇನು? ನನ್ನ ರೇಟ್ ಬರ್ಲಿ."

"ನೀವು ಎಷ್ಟಕ್ಕ ತಗೊಂಡೀರಿ ಅಂತ ಆ ಶೇರಿಗೆ ಗೊತ್ತದೇನು?"

ಮಕ್ಕಳಿಗೆ ಲಾಭ-ನಷ್ಟದ ಲೆಕ್ಕ ಕಲಿಸುವ ನನಗೇ ಪಾಠ! ನಿನಗೇನು ತಿಳೀತದ ಇದೆಲ್ಲ ಎಂದು ರೇಗಿದೆ. ಅವಳು ಮತ್ತೆ ಕೇಳಲಿಲ್ಲ.

ಆ ಶನಿವಾರ ಶಾಲೆ ಬಿಟ್ಟವನೇ ಬಸ್ಸು ಹತ್ತಿ ಕೃಷ್ಣೆಯ ದಂಡೆಯ ಗೂಗಲ್ ಊರಿಗೆ ಹೋದೆ. ಅಲ್ಲಿ ಪ್ರಭುವಿನ ಗುಡಿಯಲ್ಲಿ ಕೈಮುಗಿದು, "ಯಪ್ಪಾ, ಇನ್ನೂರ ಹತ್ತು ಮಾಡು, ಹನ್ನೊಂದು ಕಾಯಿ ಒಡಸ್ತೀನಿ," ಎಂದು ಹರಕೆ ಹೊತ್ತೆ. ಇನ್ನೂರ ಹನ್ನೊಂದು ಕೇಳಲಿಲ್ಲ. ದೇವರ ಮುಂದೆ ದುರಾಸೆ ತೋರಿಸಬಾರದು ನೋಡಿ.

ತಾನೊಂದು ಬಗೆದರೆ ದೈವವೊಂದು ಬಗೆಯುತ್ತದೆ ಎನ್ನುತ್ತಾರೆ. ನನ್ನ ದೈವ ಹಾಗೆ ಮೋಸ ಮಾಡಲಿಲ್ಲ. ಹನ್ನೊಂದು ತಿಂಗಳು ಸತಾಯಿಸಿದರೂ, ಒಂದು ಮುಂಜಾನೆ ಸ್ಟಾಫ್ ರೂಮಿನಲ್ಲಿ ಕೂತಿರುವಾಗ ಇನ್ನೂರ ಹತ್ತನ್ನು ತೋರಿಸಿಯೇ ಬಿಟ್ಟಿತು. ಕೂಡಲೇ ಎಲ್ಲವನ್ನೂ ಮಾರಿದೆ. ಅಂದು ಡ್ರಾಯಿಂಗ್ ಮೇಷ್ಟ್ರಿಗೆ ಚಹಾ ಕುಡಿಸುವುದು ಮರೆತೇ ಹೋಯಿತು. ಸಂಜೆ ಗೂಗಲ್ಲಿಗೆ ಹೋಗಿ ಹನ್ನೊಂದು ಕಾಯಿ ಒಡೆಸಿ, ಪೇಢೆಯ ಡಬ್ಬಿ ಹಿಡಿದು ರಾಯಚೂರಿಗೆ ಬಂದೆ.

ಹೆಂಡತಿ ಪಡಸಾಲೆಯಲ್ಲಿ ಜಂಪರುಗಳ ರಾಶಿಯ ನಡುವೆ ಕೂತಿದ್ದಳು.

"ನೋಡು, ಒಂದು ರೂಪಾಯಿ ಸೈತ ಹೋಗ್ಲಿಲ್ಲ!" ಎಂದು ಪೇಢೆ ಕೈಗಿತ್ತೆ. "ಯಾರವು ಇಷ್ಟೊಂದು ಜಂಪರ್?"

"ಆ ಬಜಾರ್ದಾಗಿನ ಅಂಗಡಿ ಹಿಡಿದಾಕಿವು. ಗಿರಾಕಿ ಭಾಳ ಅಂತ, ಆಕಿ ಒಬ್ಬಾಕಿಗೆ ಪುರೈಸವಲ್ತಂತ. ಹುಕ್ಕು ಹಚ್ಚಿ ಕೊಡಾಕತ್ತೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ತಡೆಯದಾಯಿತು. ಅವಳು ಪೇಢೆಯನ್ನು ಮಷೀನಿನ ಮೇಲಿಟ್ಟು ಹಲ್ಲಿನಿಂದ ದಾರ ಕಡಿದಳು. ಗುಡಿಯಲ್ಲಿ ನಾನು ರೇಟು ಕೇಳಿದ್ದೆ, ಅಂಗಡಿ ಕೇಳಿರಲಿಲ್ಲ.