ಫೋನಕ್ಕ ಮತ್ತು ಮಂಚದ ಕೆಳಗಿನ ಹುಡುಗಿ

ಶಾಲೆಯ ಮೆಟ್ಟಿಲ ಕೆಳಗಿನ ಇಕ್ಕಟ್ಟಾದ ಆಫೀಸು ರೂಮಿನಲ್ಲಿ ಕೂತು, ಗೈರುಹಾಜರಾದ ಮಕ್ಕಳ ಮನೆಗೆ ಫೋನ್ ಮಾಡುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಎಲ್ಲರಿಗೂ ಫೋನಕ್ಕ ಆಗಿಬಿಟ್ಟಿದ್ದರು. ಜ್ವರ, ಪಂಕ್ಚರ್, ನೆಂಟರು, ಅವರು ಕೇಳದ ನೆಪವಿರಲಿಲ್ಲ. ಒಬ್ಬ ಹುಡುಗನ ಅಜ್ಜಿ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡಿದ್ದರು. ಮೂರನೆಯ ಸಲ ಫೋನ್ ಎತ್ತಿದ್ದು ಆ ಅಜ್ಜಿಯೇ.

ಹಾಗಾಗಿ ಬೇಕರಿಯವರ ಮಗಳು, ಐದನೇ ಕ್ಲಾಸಿನವಳು, ಹೊಟ್ಟೆನೋವೆಂದು ಹನ್ನೊಂದು ದಿನ ಬಾರದಿದ್ದಾಗ ಫೋನಕ್ಕ ನಂಬಲಿಲ್ಲ.

“ಭಾನುವಾರ ಹೊಟ್ಟೆ ಹೇಗಿರುತ್ತೆ?”

“ಭಾನುವಾರ ಕಲ್ಲು ತಿಂದ್ರೂ ಕರಗಿಸ್ತಾಳೆ ಮೇಡಂ,” ಎಂದರು ಅಪ್ಪ. “ಯೂನಿಫಾರಂ ಕಂಡ್ರೆ ಮಾತ್ರ ಶುರು. ಡಾಕ್ಟರು ಹೊಟ್ಟೇಲಿ ಏನೂ ಇಲ್ಲ ಅಂದ್ರು. ಗದರಿಸಿದೆ, ಪುಸಲಾಯಿಸಿದೆ. ನಿನ್ನೆ ಎತ್ತಿ ಸ್ಕೂಟರ್ ಮೇಲೆ ಕೂರಿಸಿ, ಹೆಲ್ಮೆಟ್ ಹಾಕ್ಕೊಂಡು ಹೊರಟೆ. ಶಾಲೆ ಹತ್ರ ತಿರುಗಿ ನೋಡಿದ್ರೆ ಹಿಂದೆ ಬ್ಯಾಗ್ ಮಾತ್ರ ಕೂತಿದೆ!”

ಅಷ್ಟರಲ್ಲಿ ಫೋನಿನ ಆಚೆಯಿಂದ ವಾಂತಿಯ ಸದ್ದು ಕೇಳಿಸಿತು. ಸುಳ್ಳು ವಾಂತಿಗಳನ್ನು ಬೇಕಾದಷ್ಟು ಕೇಳಿದ್ದ ಫೋನಕ್ಕನಿಗೆ ಇದು ನಿಜದ್ದೆಂದು ತಿಳಿಯಿತು. ಮಧ್ಯಾಹ್ನ ಅವರ ಮನೆಗೇ ಹೋದರು.

ಹುಡುಗಿ ಮಂಚದ ಕೆಳಗೆ, ಮಂಚದ ಕಾಲನ್ನು ತಬ್ಬಿಕೊಂಡು ಮಲಗಿದ್ದಳು. ಫೋನಕ್ಕ ಮಂಡಿನೋವನ್ನು ಲೆಕ್ಕಿಸದೆ ಬಗ್ಗಿ, ಮೊಣಕೈಯೂರಿ ಅರ್ಧ ದೇಹವನ್ನು ಒಳಗೆ ತೂರಿಸಿದರು. ಆಮೇಲೆ ಮುಂದಕ್ಕೂ ಹೋಗಲಾಗಲಿಲ್ಲ, ಹಿಂದಕ್ಕೂ ಬರಲಾಗಲಿಲ್ಲ.

“ಸಿಕ್ಕಿಹಾಕ್ಕೊಂಡೆ ಕಣೇ.”

“ಹೆದರಿಕೆ ಆಗ್ತಿದ್ಯಾ?” ಹುಡುಗಿ ಮೊದಲ ಸಲ ಬಾಯಿಬಿಟ್ಟಳು.

“ಆಗದೆ ಇನ್ನೇನು?”

“ನಾನೂ ಶಾಲೆ ಟಾಯ್ಲೆಟ್ಟಲ್ಲಿ ಹೀಗೇ ಸಿಕ್ಕಿಹಾಕ್ಕೊಂಡಿದ್ದೆ. ಚಿಲಕ ಬರ್ಲೇ ಇಲ್ಲ. ಎರಡು ಪೀರಿಯಡ್ ಕೂಗಿದೆ. ಬಾಗಿಲು ತೆಗೆದಾಗ ಎಲ್ಲರೂ ನಕ್ಕರು.”

ಫೋನಕ್ಕ ‘ಇಷ್ಟೇನಾ’ ಎನ್ನಲಿಲ್ಲ. “ನಾನಾಗಿದ್ರೆ ಆ ಕಡೆ ತಲೆ ಹಾಕಿಯೂ ಮಲಗ್ತಿರ್ಲಿಲ್ಲ,” ಎಂದರು. ಅಪ್ಪ ಮಂಚ ಎತ್ತಿದರು. ಮಗಳು ಫೋನಕ್ಕನನ್ನು ಎಳೆದು ಹೊರತೆಗೆದಳು.

ಮರುದಿನ ಶಾಲೆಯ ಗೇಟು ಮುಟ್ಟಿ ವಾಪಸ್ಸು ಬಂದರೆ ಸಾಕೆಂದು ಒಪ್ಪಂದವಾಯಿತು.

“ಮುಟ್ಟಿ ಬರೋಕೆ ಇದೇನು ಕಬಡ್ಡೀನಾ?” ಎಂದು ಅಪ್ಪ ಸಿಡಿದರು.

“ಅವಸರ ಮಾಡಿದ್ರೆ ಮತ್ತೆ ಮಂಚವೇ ಗತಿ. ಆಗ ನನ್ನ ಕರೀಬೇಡಿ.”

ಗೇಟಿಗೆ ಮೂರು ದಿನ ಹಿಡಿಯಿತು. ಆಮೇಲೆ ಫೋನಕ್ಕನ ರೂಮಿನಲ್ಲಿ ಅರ್ಧ ಗಂಟೆ, ಮರುವಾರ ಒಂದು ಗಂಟೆ. ಸುಮ್ಮನೆ ಕೂರುವ ಜಾಯಮಾನ ಹುಡುಗಿಯದಲ್ಲ. ಒಂದು ದಿನ ಫೋನಕ್ಕ ನೀರು ಕುಡಿದು ಬರುವಷ್ಟರಲ್ಲಿ ರಿಸೀವರು ಅವಳ ಕಿವಿಯಲ್ಲಿತ್ತು.

“ಹೊಟ್ಟೆನೋವಾ? ನಿಜವಾದ ಹೊಟ್ಟೆನೋವು ಇರೋರು ಬಾಯ್ತುಂಬ ತಿಂಡಿ ಇಟ್ಕೊಂಡು ಮಾತಾಡಲ್ಲ. ನುಂಗು, ಹೊರಡು.”

ಆರನೇ ಕ್ಲಾಸಿನ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಹಾಜರಾದ. ಇನ್ನೊಂದು ದಿನ ಮಾತ್ರ ಅವಳು ರಿಸೀವರಿಗೆ ಕೈ ಮುಚ್ಚಿ ಪಿಸುಗುಟ್ಟಿದಳು: “ಅಕ್ಕಾ, ಇವಳದ್ದು ನಿಜ. ಬೈಬೇಡಿ.”

ಫೋನಕ್ಕ ಬೈಯಲಿಲ್ಲ. ಸಂಜೆ ಆ ಮನೆಗೂ ಹೋಗಿ ಬಂದರು.

ಈ ನಡುವೆ ಫೋನಕ್ಕ ಹೆಡ್‌ಮೇಡಂಗೆ ಟಾಯ್ಲೆಟ್ಟಿನ ಚಿಲಕದ ವಿಷಯ ಮೂರು ಸಲ ಹೇಳಿಯಾಗಿತ್ತು. “ಚಿಲಕಕ್ಕೇನಾಗಿದೆ? ಚೆನ್ನಾಗೇ ಇದೆ,” ಎಂದು ತೋರಿಸಲು ಒಂದು ದಿನ ಹೆಡ್‌ಮೇಡಂ ತಾವೇ ಒಳಗೆ ಹೋಗಿ ಹಾಕಿಕೊಂಡರು. ಚಿಲಕ ಬರಲಿಲ್ಲ. ಒಳಗಿನಿಂದ ಬಾಗಿಲು ದಬದಬ ಬಡಿಯುವ ಸದ್ದು ಕೇಳಿ ಇಡೀ ಕಾರಿಡಾರು ಸೇರಿತು. ಹುಡುಗಿ ಬಾಗಿಲಿಗೆ ಬಾಯಿಟ್ಟು, “ಮೇಡಂ, ನಾನಿಲ್ಲೇ ಇದ್ದೀನಿ. ಅಳು ಬಂದ್ರೆ ಅತ್ತುಬಿಡಿ,” ಎಂದಳು. ಬಡಗಿ ಬರುವವರೆಗೆ ಕದಲಲಿಲ್ಲ. ಕಿಸಕ್ಕೆಂದ ನಾಲ್ವರನ್ನು ದುರುಗುಟ್ಟಿ ನೋಡಿಯೇ ಸುಮ್ಮನಾಗಿಸಿದಳು.

ಸಂಜೆಯೊಳಗೆ ಎಲ್ಲ ಚಿಲಕಗಳೂ ಬದಲಾದವು. ಹುಡುಗಿ ಒಂದೊಂದನ್ನೂ ಹತ್ತು ಸಲ ಹಾಕಿ, ತೆಗೆದು, ಮರುದಿನ ಎರಡು ಪೀರಿಯಡ್ ಕ್ಲಾಸಿನಲ್ಲಿ ಕೂತಳು. ತಿಂಗಳು ಕಳೆಯುವಷ್ಟರಲ್ಲಿ ದಿನವಿಡೀ ಕೂರತೊಡಗಿದಳು.

ಆಮೇಲೂ ಒಂದು ಸೋಮವಾರ ಹೊಟ್ಟೆ ತೊಳಸಿತು. ಅಪ್ಪ ಈ ಸಲ ಕೂಗಾಡಲಿಲ್ಲ; ಕೈಹಿಡಿದು ನಡೆಸಿಕೊಂಡು ಬಂದು ಎರಡನೇ ಪೀರಿಯಡ್ಡಿಗೆ ಬಿಟ್ಟರು. ಟೀಚರು ಏನೂ ಕೇಳದೆ ಭಿನ್ನರಾಶಿ ಮುಂದುವರಿಸಿದರು. ಕಿಟಕಿಯಿಂದ ಫೋನಕ್ಕ ಇಣುಕಿದಾಗ ಹುಡುಗಿ ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು. ಪಕ್ಕದವಳು ಬರೆದದ್ದೂ ತಪ್ಪೇ. ಊಟದ ಹೊತ್ತಿಗೆ ಇಬ್ಬರೂ ಒಟ್ಟಿಗೆ ಬೈಸಿಕೊಂಡು ಗೆಳತಿಯರಾಗಿದ್ದರು.